ಬಾಗಿದ ಅಲಗಿಗೆ ಸಾಣೆ: ಕ್ಲಾಂಪು ಸಾಧನವನ್ನು ಬಳಸುವ ಕ್ರಮ

ಹರಿತವಾದ ಕತ್ತಿಗಿಂತ ಮೊಂಡಾದ ಕತ್ತಿಯೇ ಕೈಗೆ ಹೆಚ್ಚು ಅಪಾಯಕರವೆಂಬುದನ್ನು ಅಡಕೆ ಸುಲಿಯುವವರೂ ಮೀನು ಕೊಯ್ಯುವವರೂ ಚೆನ್ನಾಗಿ ಬಲ್ಲರು. ಮೊಂಡು ಅಲಗು ಪದಾರ್ಥದೊಳಕ್ಕೆ ಇಳಿಯದೆ ಜಾರುತ್ತದೆ. ಇಳಿಯಲೆಂದು ಹೆಚ್ಚು ಒತ್ತಿದಷ್ಟೂ ಜಾರಿದಾಗ ಬೀಳುವ ಪೆಟ್ಟು ಆಳವಾಗುತ್ತದೆ. ಹಿಂದೆ ಈ ಚಿಂತೆ ಗೃಹಸ್ಥರಿಗೆ ಅಷ್ಟಾಗಿ ಇರಲಿಲ್ಲ. ಊರಿನಲ್ಲಿ ಕಮ್ಮಾರನ ಕುಲುಮೆಯಿತ್ತು, ಪೇಟೆಯ ಬೀದಿಗಳಲ್ಲಿ ಸಾಣೆ ಹಿಡಿಯುವವನ ಕೂಗು ಕೇಳಿಸುತ್ತಿತ್ತು. ಕೊಚ್ಚಿಯ ಪಾಲಾರಿವಟ್ಟಂನಂತಹ ಬಡಾವಣೆಯ ಬಹುಮಹಡಿ ಕಟ್ಟಡದಲ್ಲಿ ನೆಲೆಸಿರುವ ಕನ್ನಡ ಕುಟುಂಬವೊಂದಕ್ಕೆ ಆ ಅನುಕೂಲ ಸುಲಭವಾಗಿ ದೊರೆಯುವಂತಹುದಲ್ಲ. ಆದ್ದರಿಂದಲೇ ಅಲಗನ್ನು ಕ್ಲಾಂಪಿನಲ್ಲಿ ಬಿಗಿದು, ಸರಳೊಂದರ ಆಸರೆಯಿಂದ ಕಲ್ಲನ್ನು ಆಡಿಸುವ ಸಾಧನಗಳನ್ನು ಜನ ಕೊಳ್ಳತೊಡಗಿದ್ದಾರೆ.

ಈ ಸಾಧನದ ರಚನೆ ಸರಳವಾದುದು. ಅಲಗಿನ ಬೆನ್ನನ್ನು ಕ್ಲಾಂಪು ಕಚ್ಚಿ ಹಿಡಿಯುತ್ತದೆ. ಅದರ ಹಿಂದೆ ನಿಂತಿರುವ ಸಣ್ಣ ಕಂಬದಲ್ಲಿ ಒಂದರ ಮೇಲೊಂದು ರಂಧ್ರಗಳಿರುತ್ತವೆ. ಕಲ್ಲಿಗೆ ಜೋಡಿಸಿದ ಸರಳು ಅವುಗಳಲ್ಲಿ ಒಂದರ ಮೂಲಕ ಹಾದುಹೋಗುತ್ತದೆ. ರಂಧ್ರ ಎತ್ತರದಲ್ಲಿದ್ದಷ್ಟೂ ಕಲ್ಲು ಅಂಚಿನ ಮೇಲೆ ಹೆಚ್ಚು ಓರೆಯಾಗಿ ಕೂರುತ್ತದೆ. ಕೆಲವು ಸಾಧನಗಳಲ್ಲಿ ಈ ರಂಧ್ರಗಳ ಪಕ್ಕದಲ್ಲಿ 17, 20, 25, 30 ಡಿಗ್ರಿ ಎಂದು ಕೆತ್ತಿರುವುದುಂಟು. ಅಡುಗೆಮನೆಯ ತೆಳು ಚಾಕುವಿಗೆ ಪ್ರತಿ ಬದಿಗೆ 15ರಿಂದ 20 ಡಿಗ್ರಿ ಸಾಕು. ತೆಂಗಿನಕಾಯಿಗೂ ಸೌದೆಗೂ ಬಳಸುವ ದಪ್ಪ ಕತ್ತಿಗೆ 25ರಿಂದ 30 ಡಿಗ್ರಿ ಬೇಕು, ಇಲ್ಲವಾದರೆ ಅಂಚು ಮುಕ್ಕಾಗುತ್ತದೆ.

ಆದರೆ ಕೆತ್ತಿದ ಈ ಅಂಕಿಗಳನ್ನು ಹಾಗೆಯೇ ನಂಬಬಾರದು. ಕೋನವನ್ನು ನಿರ್ಧರಿಸುವುದು ರಂಧ್ರದ ಎತ್ತರವೊಂದೇ ಅಲ್ಲ. ರಂಧ್ರದ ನೇರ ಕೆಳಗಿನ ಬಿಂದುವಿನಿಂದ ಅಂಚಿನ ಗೆರೆಗಿರುವ ಲಂಬ ದೂರವೂ ಹೌದು. ಅಂಚು ನೆಟ್ಟಗಿದ್ದರೆ ಈ ಲಂಬ ದೂರ ಬುಡದಿಂದ ಮೊನೆಯವರೆಗೆ ಒಂದೇ ಆಗಿರುತ್ತದೆ, ಕೋನವೂ ಒಂದೇ ಆಗಿರುತ್ತದೆ. ಅಂಚು ಬಾಗಿದೊಡನೆ ಈ ಲೆಕ್ಕ ಕೆಡುತ್ತದೆ.

ಉದಾಹರಣೆಗೆ, ರಂಧ್ರದ ಎತ್ತರ 4 ಸೆಂ.ಮೀ., ಅಂಚಿನ ನೇರ ಭಾಗಕ್ಕೆ ಲಂಬ ದೂರ 12 ಸೆಂ.ಮೀ. ಎಂದಿಟ್ಟುಕೊಳ್ಳೋಣ. ಆಗ ಕೋನ ಸುಮಾರು 18 ಡಿಗ್ರಿ. ಮೊನೆಯ ಬಳಿ ಅಂಚು 4 ಸೆಂ.ಮೀ. ತ್ರಿಜ್ಯದ ಬಾಗಿನಲ್ಲಿ ಬೆನ್ನಿನ ಕಡೆಗೆ ತಿರುಗುತ್ತದೆ ಎನ್ನೋಣ. ಬಾಗು ಆರಂಭವಾಗುವ ಜಾಗಕ್ಕಿಂತ 6 ಸೆಂ.ಮೀ. ಹಿಂದಕ್ಕೆ, ಹಿಡಿಯ ಕಡೆಗೆ, ಕ್ಲಾಂಪನ್ನು ಬಿಗಿದರೆ, ಅಂಚು 45 ಡಿಗ್ರಿ ತಿರುಗಿದ ಸ್ಥಳದಲ್ಲಿ ಲಂಬ ದೂರ ಸುಮಾರು 14 ಸೆಂ.ಮೀ.ಗೆ ಏರಿ ಕೋನ 16ಕ್ಕೆ ಇಳಿಯುತ್ತದೆ. ಬಾಗಿನ ಆರಂಭಕ್ಕೆ ಸರಿಯಾಗಿ ಕ್ಲಾಂಪನ್ನು ಬಿಗಿದರೆ ಅದೇ ಸ್ಥಳದಲ್ಲಿ ಕೋನ 22ನ್ನು ಮೀರುತ್ತದೆ. ಇವೆರಡರ ನಡುವೆ, ಬಾಗಿಗಿಂತ ಸುಮಾರು 3.3 ಸೆಂ.ಮೀ. ಹಿಂದಕ್ಕೆ ಬಿಗಿದಾಗ, ಎರಡೂ ಕಡೆ 18 ಡಿಗ್ರಿಯೇ ದೊರೆಯುತ್ತದೆ. ಮೊನೆ ತೀರ ತೆಳುವಾಗಿ ಮುರಿಯಿತೆಂದೋ, ಎಷ್ಟು ಉಜ್ಜಿದರೂ ಮೊನೆ ಹರಿತವಾಗಲಿಲ್ಲವೆಂದೋ ದೂರುವವರು ಕಲ್ಲನ್ನು ಬೈಯುತ್ತಾರೆ. ತಪ್ಪು ಬಹುಪಾಲು ಕ್ಲಾಂಪು ನಿಂತ ಜಾಗದಲ್ಲಿರುತ್ತದೆ.

ಮನೆಯಲ್ಲಿ ಇಷ್ಟೆಲ್ಲ ಗಣಿತ ಮಾಡಬೇಕಾಗಿಲ್ಲ. ಅಂಚಿನ ಉದ್ದಕ್ಕೂ ಅಳಿಸದ ಶಾಯಿಯ ಗೆರೆ ಎಳೆದು, ನಯವಾದ ಕಲ್ಲನ್ನು ಎರಡು ಮೂರು ಬಾರಿ ಹಗುರವಾಗಿ ಆಡಿಸಿ ನೋಡಬೇಕು. ಹಳೆಯ ಸಾಣೆಯ ಪಟ್ಟಿಯ ತುಂಬ ಶಾಯಿ ಹೋಗಿದ್ದರೆ ಕೋನ ಹೊಂದಿದೆಯೆಂದು ಅರ್ಥ. ಮೊನೆಯಲ್ಲಿ ಪಟ್ಟಿಯ ಮೇಲ್ಭಾಗದ, ಎಂದರೆ ಬೆನ್ನಿನ ಕಡೆಯ, ಶಾಯಿ ಮಾತ್ರ ಹೋಗಿದ್ದರೆ ಅಲ್ಲಿ ಕೋನ ಕಡಿಮೆಯಾಗಿದೆ. ಕ್ಲಾಂಪನ್ನು ಮೊನೆಯತ್ತ ಸರಿಸಬೇಕು. ತುತ್ತತುದಿಯಲ್ಲಿ ಮಾತ್ರ ಹೋಗಿದ್ದರೆ ಹಿಡಿಯತ್ತ ಸರಿಸಬೇಕು. ಸರಿಯಾದ ಸ್ಥಾನ ದೊರೆತ ಮೇಲೆ ಹಿಡಿಯಿಂದ ಕ್ಲಾಂಪಿಗಿರುವ ದೂರವನ್ನು ಅಳೆದು ಬರೆದಿಡುವುದು ಒಳ್ಳೆಯದು. ಮುಂದಿನ ಬಾರಿ ಅರ್ಧ ಶ್ರಮ ಉಳಿಯುತ್ತದೆ. ಅಲಗು ಜಾರದಂತೆ ಕ್ಲಾಂಪಿನ ಹಲ್ಲುಗಳಿಗೆ ತೆಳು ಚರ್ಮದ ತುಂಡನ್ನು ಇಡಬಹುದು. ಒಂದು ಬದಿಯನ್ನು ಉಜ್ಜುತ್ತ ಹೋದಂತೆ ಎದುರು ಬದಿಯಲ್ಲಿ ಲೋಹದ ಸಣ್ಣ ಸುರುಳಿಯೊಂದು ಉದ್ದಕ್ಕೂ ಬೆರಳಿಗೆ ತಾಗುತ್ತದೆ. ಬೆರಳನ್ನು ಬೆನ್ನಿನಿಂದ ಅಂಚಿನ ಹೊರಗೆ ಸವರಬೇಕೇ ಹೊರತು ಅಂಚಿನ ಉದ್ದಕ್ಕೆ ಎಂದೂ ಎಳೆಯಬಾರದು. ಸುರುಳಿ ಮೂಡಿದ ಮೇಲೆಯೇ ಮಗ್ಗುಲು ಬದಲಿಸಬೇಕು.

ಕಲ್ಲಿನ ವಿಷಯವಾಗಿ ಒಂದು ಮಾತು. ನಮ್ಮ ಕರಾವಳಿಯಲ್ಲಿ ಮರದ ಹಲಗೆಗೆ ಬೆಣಚುಕಲ್ಲಿನ ಪುಡಿ ಹಾಕಿ ಕತ್ತಿ ಮಸೆಯುವ ವಾಡಿಕೆಯಿತ್ತು. ಬೆಣಚುಕಲ್ಲಿನ ಗಡಸುತನ ಮೋಸ್ ಮಾಪಕದಲ್ಲಿ 7. ಅಮೆರಿಕದ ಎಡ್ವರ್ಡ್ ಅಚೆಸನ್ 1891ರಲ್ಲಿ ತಯಾರಿಸಿದ ಕಾರ್ಬೊರಂಡಂ 9ಕ್ಕೂ ಮೇಲ್ಪಟ್ಟುದು, ಆದ್ದರಿಂದ ಉಕ್ಕನ್ನು ಬಹುಬೇಗ ಸವೆಸುತ್ತದೆ. ಪಾಲಾರಿವಟ್ಟಂಗೆ ಸಮೀಪದ ಕಳಮಶ್ಶೇರಿಯಲ್ಲಿಯೇ ಇಂತಹ ಸಾಣೆ ದ್ರವ್ಯಗಳ ಕಾರ್ಖಾನೆಯಿರುವುದನ್ನು ಇಲ್ಲಿ ಸ್ಮರಿಸಬಹುದು. ಒರಟು ಕಲ್ಲು ಮುಕ್ಕಾದ ಅಂಚಿಗೆ ಮಾತ್ರ. ನಿತ್ಯದ ಮೊಂಡುತನಕ್ಕೆ ನಯವಾದ ಕಲ್ಲು ಸಾಕು.

ಇಷ್ಟರವರೆಗೆ ಹೇಳಿದುದು ಹೊರಕ್ಕೆ ಉಬ್ಬಿದ ಅಂಚಿಗೆ. ಕಾಸರಗೋಡು ಮತ್ತು ದಕ್ಷಿಣ ಕನ್ನಡದ ತೋಟಗಳಲ್ಲಿ ಬಳಕೆಯಲ್ಲಿರುವ ಕೊಕ್ಕೆಯಂತಹ ಕತ್ತಿ, ಕುಡುಗೋಲು ಮೊದಲಾದವುಗಳ ಅಂಚು ಒಳಕ್ಕೆ ಬಾಗಿರುತ್ತದೆ. ಚಪ್ಪಟೆ ಕಲ್ಲನ್ನು ಅಲ್ಲಿಟ್ಟರೆ ಅದರ ಎರಡು ಮೂಲೆಗಳು ಮಾತ್ರ ತಾಗಿ, ನಡುವಿನ ಅಂಚು ಹಾಗೆಯೇ ಉಳಿಯುತ್ತದೆ. ಮೂಲೆಗಳು ತಾಗಿದಲ್ಲಿ ಹಳ್ಳ ಬೀಳುತ್ತದೆ. ಅದಕ್ಕೆ ದುಂಡಗಿನ ಅಥವಾ ಅರೆದುಂಡಗಿನ ಕಲ್ಲೇ ಬೇಕು, ಅದರ ದುಂಡು ಕತ್ತಿಯ ಬಾಗಿಗಿಂತ ಚಿಕ್ಕದಾಗಿರಬೇಕು. ಹಲ್ಲುಳ್ಳ ಕುಡುಗೋಲಿಗಂತೂ ಈ ಸಾಧನವನ್ನು ತಾಗಿಸಲೇಬಾರದು. ರಬ್ಬರ್ ಮರದ ತೊಗಟೆ ಕೊಯ್ಯುವ ಚಾಕುವಿಗೂ ಸಣ್ಣ ಕೈಗಲ್ಲೇ ಯೋಗ್ಯ. ಅಲ್ಲಿ ಒಳಗಿನ ಜೀವಪದರಕ್ಕೂ ಕೊಯ್ತಕ್ಕೂ ನಡುವೆ ಉಳಿಸಬೇಕಾದ ತೊಗಟೆ ಸುಮಾರು 1 ಮಿಲಿಮೀಟರ್ ಮಾತ್ರ. ಮೊಂಡು ಚಾಕು ಆ ಅಂತರವನ್ನು ದಾಟಿದರೆ ಮರಕ್ಕೆ ಗಾಯವಾಗಿ, ಹೊಸ ತೊಗಟೆ ಗಂಟುಗಂಟಾಗಿ ಬೆಳೆಯುತ್ತದೆ.

ದೊಡ್ಡ ತೋಟದ ಕತ್ತಿಯನ್ನು ಕ್ಲಾಂಪಿಗೆ ಬಿಗಿಯುವ ಶ್ರಮವನ್ನು ಈ ಲೇಖಕನು ಸಲಹೆ ಮಾಡುವುದಿಲ್ಲ. ಕುಳಿತು ಕಲ್ಲಿನ ಮೇಲೆ ಕತ್ತಿಯನ್ನಾಡಿಸುವ ಅನುಭವಿಯ ಮಣಿಕಟ್ಟು, ಬಾಗು ಬಂದಾಗ ಹಿಡಿಯನ್ನು ತಾನಾಗಿಯೇ ಎತ್ತಿಕೊಡುತ್ತದೆ. ಅಂತಹ ಕೈಯಿಲ್ಲದ ಮನೆಯಲ್ಲಿ ತರಕಾರಿಯ ಮತ್ತು ಮೀನಿನ ಚಾಕುಗಳಿಗೆ ಈ ಸಾಧನ ಸಾಕಷ್ಟು ಉಪಯುಕ್ತ. ಕೆಲಸ ಮುಗಿದ ಮೇಲೆ ಅಲಗನ್ನು ತೊಳೆದು ಒರೆಸಿ, ಕಬ್ಬಿಣದ್ದಾದರೆ ಕೊಬ್ಬರಿ ಎಣ್ಣೆ ಸವರಿ, ಮಕ್ಕಳ ಕೈಗೆ ಸಿಗದ ಕಡೆ ಇಡತಕ್ಕದ್ದು.