ನೀಲಿ ರಟ್ಟಿನ ಲೆಕ್ಕದ ಪುಸ್ತಕ

ನಮ್ಮ ಕಾರಿನ ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ಒಂದು ಪುಸ್ತಕ ಇದೆ. ನೀಲಿ ರಟ್ಟಿನದು, ಅಂಗಿಯ ಕಿಸೆಯಲ್ಲಿ ಹಿಡಿಯುವಷ್ಟು ಚಿಕ್ಕದು. ಹಾಲಿನ ಲೆಕ್ಕಕ್ಕೆಂದು ತಂದದ್ದು, ಕಾರು ಬುಕ್ ಮಾಡಿದ ದಿನ ಅದರ ಪಾಲಾಯಿತು. ಬಂಕಿನಿಂದ ಹೊರಡುವ ಮೊದಲು ತಾರೀಕು, ಲೀಟರು, ರೂಪಾಯಿ, ಮೀಟರಿನ ಅಂಕಿ ಇಷ್ಟನ್ನೂ ಬರೆಯುವುದು ನನ್ನ ಚಟ. 2012ರ ಸೆಪ್ಟೆಂಬರಿನಿಂದ ಒಂದು ಸಲವೂ ತಪ್ಪಿಲ್ಲ ಎಂದರೆ ಸುಳ್ಳಾದೀತು. ಎರಡು ಸಲ ಪೆನ್ನು ಸಿಗದೆ ತಪ್ಪಿದೆ. ಮೊದಲ ಪುಟದಲ್ಲಿ ಮಾತ್ರ ಬೇರೆ ಲೆಕ್ಕ ಇದೆ. ಅದು ಕಾರು ಕೊಳ್ಳುವ ಮುಂಚೆ ಹಾಕಿದ್ದು. ಅದನ್ನು ಹರಿದು ಹಾಕಬೇಕೆಂದು ಎಷ್ಟೋ ಸಲ ಅನ್ನಿಸಿದರೂ ನನ್ನ ಹೆಂಡತಿ ಬಿಟ್ಟಿಲ್ಲ.

ಆ ವರ್ಷದ ಮೇ 23ರ ರಾತ್ರಿ ಪೆಟ್ರೋಲ್ ಒಂದೇ ಏಟಿಗೆ ಏಳೂವರೆ ರೂಪಾಯಿ ಏರಿ, ಬೆಂಗಳೂರಿನಲ್ಲಿ ಲೀಟರಿಗೆ 80 ದಾಟಿತ್ತು. ಡೀಸೆಲ್ 45ರ ಆಸುಪಾಸಿನಲ್ಲಿ ಹಾಯಾಗಿ ಕೂತಿತ್ತು. ಪೆಟ್ರೋಲ್ ದರದ ಹಗ್ಗವನ್ನು ಕೇಂದ್ರ ಸರ್ಕಾರ 2010ರಲ್ಲೇ ಬಿಟ್ಟಿತ್ತು, ಡೀಸೆಲ್ಲಿನದನ್ನು ಮಾತ್ರ ಬಿಗಿಯಾಗಿ ಹಿಡಿದುಕೊಂಡಿತ್ತು. ಲಾರಿ, ಬಸ್ಸು, ಟ್ರ್ಯಾಕ್ಟರ್, ತೋಟದ ಪಂಪ್‌ಸೆಟ್ಟಿಗೆ ಹೊರೆಯಾಗಬಾರದು ಅನ್ನುವುದು ಅದರ ಹಿಂದಿನ ಮಾತು. ಆ ರಿಯಾಯಿತಿಯ ನೆರಳಲ್ಲಿ ನನ್ನಂಥ ಸಂಬಳದವರು ಕಾರು ತಂದು ನಿಲ್ಲಿಸಿಕೊಂಡೆವು. ನಾಚಿಕೆ ಪಡಬೇಕಾದ ಮಾತೇ, ಆದರೆ ಆಗ ಯಾರಿಗೂ ನಾಚಿಕೆ ಆಗಲಿಲ್ಲ. ಷೋರೂಮಿನಲ್ಲಿ ಪೆಟ್ರೋಲ್ ಗಾಡಿ ಬೇಕಾದರೆ ನಾಳೆಯೇ ತಗೊಂಡು ಹೋಗಿ ಅನ್ನುತ್ತಿದ್ದರು, ಡೀಸೆಲ್ಲಿಗೆ ನಾಲ್ಕು ತಿಂಗಳು ಕಾಯಬೇಕು. ಕಾಯಬೇಕು ಅಂದ ಮೇಲೆ ಅದು ಒಳ್ಳೆಯದೇ ಇರಬೇಕು ಅಂತ ನಾವೂ ಕಾದೆವು.

ಮೊದಲ ಪುಟದ ಲೆಕ್ಕ ಹೀಗಿದೆ. ಪೆಟ್ರೋಲ್ ಕಾರು ಲೀಟರಿಗೆ 15 ಕಿಲೋಮೀಟರ್ ಕೊಟ್ಟರೆ ಕಿಲೋಮೀಟರಿಗೆ 5 ರೂಪಾಯಿ 33 ಪೈಸೆ. ಡೀಸೆಲ್ 19 ಕೊಟ್ಟರೆ 2 ರೂಪಾಯಿ 37 ಪೈಸೆ. ಉಳಿತಾಯ ಹೆಚ್ಚೂಕಡಿಮೆ 3 ರೂಪಾಯಿ. ಅದೇ ಮಾದರಿಯ ಪೆಟ್ರೋಲ್ ಗಾಡಿಗಿಂತ ಡೀಸೆಲ್ಲಿಗೆ 1 ಲಕ್ಷ 20 ಸಾವಿರ ಹೆಚ್ಚು. ಹಾಗಾದರೆ 40 ಸಾವಿರ ಕಿಲೋಮೀಟರ್ ಓಡಿದರೆ ಅಸಲು ಹುಟ್ಟಿತು, ಮುಂದಿನದೆಲ್ಲ ಲಾಭ. ಕೆಳಗೆ 'ತಿಂಗಳಿಗೆ 1,500 ಕಿ.ಮೀ.' ಎಂದು ಬರೆದು, ಎರಡು ವರ್ಷ ಮೂರು ತಿಂಗಳು ಎಂಬ ಉತ್ತರದ ಸುತ್ತ ಗುಂಡಗೆ ಗೆರೆ ಎಳೆದಿದ್ದೇನೆ.

ನನ್ನ ಹೆಂಡತಿ ಪತ್ತಿನ ಸಹಕಾರ ಸಂಘವೊಂದರಲ್ಲಿ ಲೆಕ್ಕಪತ್ರ ನೋಡುವವಳು. ಪುಟವನ್ನು ಒಂದು ಸಲ ನೋಡಿ ಒಂದೇ ಪ್ರಶ್ನೆ ಕೇಳಿದಳು: "ತಿಂಗಳಿಗೆ ಸಾವಿರದೈನೂರು ಕಿಲೋಮೀಟರ್ ಎಲ್ಲಿಗೆ ಹೋಗ್ತೀರಿ?"

ಒಳ್ಳೆಯ ಪ್ರಶ್ನೆ. ಶಿವಮೊಗ್ಗದ ವಿನೋಬನಗರದಿಂದ ನಾನು ಪಾಠ ಮಾಡುವ ಕಾಲೇಜಿಗೆ ನಾಲ್ಕು ಕಿಲೋಮೀಟರ್. ತಿಂಗಳಿಗೊಮ್ಮೆ ತೀರ್ಥಹಳ್ಳಿಯ ಆಚೆ ಇರುವ ಊರಿಗೆ ಹೋಗಿಬರಲು 150. ವರ್ಷಕ್ಕೆ ಎರಡು ಮೂರು ಸಲ ಬೆಂಗಳೂರು. ಎಲ್ಲಾ ಕೂಡಿಸಿದರೂ ವರ್ಷಕ್ಕೆ ಆರು ಸಾವಿರ ದಾಟುವುದಿಲ್ಲ. ನಾನು ಏನು ಉತ್ತರ ಕೊಟ್ಟೆ ಅನ್ನುವುದು ಚೆನ್ನಾಗಿ ನೆನಪಿದೆ. "ಡೀಸೆಲ್ ತಗೊಂಡ್ರೆ ಓಡಾಟ ತಾನಾಗೇ ಜಾಸ್ತಿ ಆಗುತ್ತೆ" ಅಂದೆ. ಅವಳು ಪುಸ್ತಕ ಮುಚ್ಚಿ ಒಗ್ಗರಣೆ ಹಾಕಲು ಎದ್ದು ಹೋದಳು.

ಡೀಸೆಲ್ ಮೇಲಿನ ನನ್ನ ಮೋಹ ಲೆಕ್ಕದ್ದಷ್ಟೇ ಆಗಿರಲಿಲ್ಲ. ನಮ್ಮ ಕಡೆ ಹುಡುಗರು ಬೆಳೆಯುವುದೇ ಡೀಸೆಲ್ ವಾಸನೆಯಲ್ಲಿ. ತೋಟದ ಪಂಪು, ಮಂಡಿಗೆ ಹೋಗುವ ಜೀಪು, ಆಮೇಲೆ ಸುಮೋ, 1998ರ ಕೊನೆಗೆ ಬಂದ ಇಂಡಿಕಾ. ಪೆಟ್ರೋಲಿನದ್ದು ಕಿಡಿ ಹಾರಿಸಿ ಹೊತ್ತಿಸುವ ಎಂಜಿನ್. ಡೀಸೆಲ್ಲಿಗೆ ಕಿಡಿ ಬೇಡ, ಗಾಳಿಯನ್ನು ಹಿಂಡಿ ಹಿಂಡಿ ಅದು ಕಾದಾಗ ಎಣ್ಣೆ ಚಿಮ್ಮಿಸಿದರೆ ತಾನೇ ಹೊತ್ತಿಕೊಳ್ಳುತ್ತದೆ. ಆ ಒತ್ತಡ ತಡೆಯಲು ಎಂಜಿನ್ನೇ ದಪ್ಪಗೆ, ತೂಕವಾಗಿ ಇರಬೇಕು. ಎಣ್ಣೆ ಚಿಮ್ಮಿಸುವ ಪಂಪು, ಇಂಜೆಕ್ಟರುಗಳು ಸೂಕ್ಷ್ಮವಾಗಿರಬೇಕು. ಹೆಚ್ಚುವರಿ ಲಕ್ಷ ಹೋಗುವುದು ಅಲ್ಲಿಗೆ. ಅದಕ್ಕೆ ಪ್ರತಿಯಾಗಿ ಲೀಟರಿನಲ್ಲಿ ಕಸುವೂ ಹೆಚ್ಚು, ಅದನ್ನು ದುಡಿಸಿಕೊಳ್ಳುವ ಜಾಣ್ಮೆಯೂ ಹೆಚ್ಚು. ಐದು ಜನ ಕೂತು, ಡಿಕ್ಕಿಯಲ್ಲಿ ಅಕ್ಕಿ ಮೂಟೆ ಇಟ್ಟುಕೊಂಡು ಹುಲಿಕಲ್ ಘಾಟಿ ಹತ್ತುವಾಗ ಎರಡನೇ ಗೇರಿನಲ್ಲಿ ಅದು ಎಳೆಯುವ ಪರಿ ನೋಡಬೇಕು, ಚೂರೂ ಏದುಸಿರಿಲ್ಲ. ಚಳಿಗಾಲದ ಬೆಳಿಗ್ಗೆ ಕೀಲಿ ಅರ್ಧ ತಿರುಗಿಸಿ, ಹಳದಿ ಸುರುಳಿಯ ದೀಪ ಆರುವ ತನಕ ಕಾದು ಸ್ಟಾರ್ಟ್ ಮಾಡಿದರೆ ಗಡಗಡ ಸದ್ದಿಗೆ ಪಕ್ಕದ ಮನೆಯ ಹಿರಿಯರ ಕಿಟಕಿ ಧಡಾರನೆ ಮುಚ್ಚಿಕೊಳ್ಳುತ್ತಿತ್ತು. ನನಗೆ ಆ ಸದ್ದೂ ಇಷ್ಟ.

ಓಡಾಟ ಹೆಚ್ಚಾದದ್ದು ನಿಜ. ತಾನಾಗೇ ಅಲ್ಲ, ನಾನೇ ಹೆಚ್ಚಿಸಿದೆ. ಬಸ್ಸಿನಲ್ಲಿ ಹೋಗುತ್ತಿದ್ದ ಮದುವೆಗಳಿಗೆ ಕಾರು. ಫೋನಿನಲ್ಲಿ ಮುಗಿಯುತ್ತಿದ್ದ ಕ್ಷೇಮ ಸಮಾಚಾರಕ್ಕೆ ಕಾರು. ಭಾನುವಾರ ಬೆಳಿಗ್ಗೆ ಶೃಂಗೇರಿಗೆ ಹೋಗಿ ಪ್ರಸಾದ ಉಂಡು ಸಂಜೆಗೆ ವಾಪಸ್. ಪ್ರತಿ ಸಲ ಮನೆಗೆ ಬಂದು, ಪೆಟ್ರೋಲ್ ಆಗಿದ್ದರೆ ಇಷ್ಟಾಗುತ್ತಿತ್ತು, ಇಷ್ಟು ಉಳಿಯಿತು ಅಂತ ಪುಸ್ತಕದಲ್ಲಿ ಬರೆದು ಹಿಗ್ಗುತ್ತಿದ್ದೆ. ಹೋಗದೆ ಇದ್ದಿದ್ದರೆ ಪೂರ್ತಿ ದುಡ್ಡೇ ಉಳಿಯುತ್ತಿತ್ತು ಅನ್ನುವ ಕಾಲಮ್ಮು ಪುಸ್ತಕದಲ್ಲಿ ಇರಲಿಲ್ಲ. ನೆಂಟರಿಗೂ ಸುದ್ದಿ ಹರಡಿತ್ತು. "ನಿಂದು ಡೀಸೆಲ್ ಅಲ್ವನೋ, ಏನು ಖರ್ಚು ಬರುತ್ತೆ" ಅನ್ನುತ್ತಲೇ ಚಿಕ್ಕಮ್ಮ ಕಣ್ಣಿನ ಆಪರೇಷನ್ನಿಗೆ, ಅವರ ಬೀಗರು ನಿಶ್ಚಿತಾರ್ಥಕ್ಕೆ ಹತ್ತಿ ಕೂತರು. ಪೆಟ್ರೋಲ್ ಕಾರಿನವನಾಗಿದ್ದರೆ ಎಣ್ಣೆಗೆ ಅಂತ ಐನೂರು ರೂಪಾಯಿ ಕೈಗಿಡುತ್ತಿದ್ದರೋ ಏನೋ.

ಇಷ್ಟು ಒದ್ದಾಡಿದರೂ ವರ್ಷಕ್ಕೆ ಓಡಿದ್ದು ಏಳು ಸಾವಿರ.

ಅಷ್ಟರಲ್ಲಿ ಲೆಕ್ಕದ ಇನ್ನೊಂದು ಕಾಲೂ ಮುರಿಯಿತು. ಕಾರು ಮನೆಗೆ ಬಂದ ತಿಂಗಳೇ ಡೀಸೆಲ್ಲಿಗೆ 5 ರೂಪಾಯಿ ಏರಿಸಿದರು. 2013ರ ಜನವರಿಯಿಂದ ತಿಂಗಳಿಗೆ ಸುಮಾರು 50 ಪೈಸೆಯಂತೆ ಏರಿಸುತ್ತಾ ಬಂದರು. 50 ಪೈಸೆ ಯಾರ ಕಣ್ಣಿಗೂ ಬೀಳುವುದಿಲ್ಲ, ಪುಸ್ತಕ ಇದ್ದವನ ಕಣ್ಣಿಗೆ ಬೀಳುತ್ತದೆ. 2014ರ ಅಕ್ಟೋಬರಿನಲ್ಲಿ ಡೀಸೆಲ್ಲಿನ ಹಗ್ಗವನ್ನೂ ಬಿಟ್ಟರು. 35 ರೂಪಾಯಿ ಇದ್ದ ಅಂತರ ಆ ಹೊತ್ತಿಗೆ ಹನ್ನೆರಡು ಹದಿಮೂರಕ್ಕೆ ಇಳಿದಿತ್ತು. ಕಿಲೋಮೀಟರಿಗೆ 3 ರೂಪಾಯಿ ಉಳಿಯಬೇಕಿದ್ದಲ್ಲಿ ಒಂದೂವರೆ ಉಳಿಯತೊಡಗಿತು. 2020ರ ಜೂನ್ 24ರಂದು ದೆಹಲಿಯಲ್ಲಿ ಡೀಸೆಲ್ ದರ ಪೆಟ್ರೋಲನ್ನೇ ಮೀರಿತು, 79.76ರ ಎದುರು 79.88. ಹನ್ನೆರಡು ಪೈಸೆಯ ಸುದ್ದಿ. ಅದನ್ನು ಪೇಪರಿನಲ್ಲಿ ಓದಿ ಇವಳು ಏನೂ ಹೇಳಲಿಲ್ಲ, ಪೇಪರನ್ನು ನನ್ನ ಕಡೆ ಮಡಚಿ ಇಟ್ಟಳು.

ದುರಸ್ತಿಯ ಕಥೆ ಬೇರೆ. ಒಮ್ಮೆ ಬೆಂಗಳೂರಿಗೆ ಹೋಗುವಾಗ ಹೆದ್ದಾರಿಯ ಬಂಕೊಂದರಲ್ಲಿ ನಿಲ್ಲಿಸಿ, ಹಿಂದಿನ ಸೀಟಿನ ಮಗನಿಗೆ ಚಿಪ್ಸ್ ಪೊಟ್ಟಣ ಒಡೆದುಕೊಡುತ್ತಿದ್ದೆ. ಕತ್ತೆತ್ತಿದರೆ ಹುಡುಗ ಪೆಟ್ರೋಲ್ ಪೈಪು ಹಿಡಿದು ನಿಂತಿದ್ದಾನೆ, ಆರು ಲೀಟರ್ ಒಳಗೆ ಹೋಗಿ ಆಗಿದೆ. ಪುಣ್ಯಕ್ಕೆ ಕೀಲಿ ತಿರುಗಿಸಿರಲಿಲ್ಲ. ಪಂಪಿಗೂ ಇಂಜೆಕ್ಟರಿಗೂ ಡೀಸೆಲ್ಲೇ ಕೀಲೆಣ್ಣೆ. ಪೆಟ್ರೋಲ್ ಹೋದರೆ ಆ ಜಿಡ್ಡು ತೊಳೆದು ಲೋಹಕ್ಕೆ ಲೋಹ ತಿಕ್ಕುತ್ತದೆ, ಸ್ಟಾರ್ಟ್ ಮಾಡಿದರೆ ಮುಗಿಯಿತು. ಗಾಡಿಯನ್ನು ತಳ್ಳಿ ಪಕ್ಕಕ್ಕೆ ನಿಲ್ಲಿಸಿ, ಮೆಕ್ಯಾನಿಕ್ ಬಂದು ಟ್ಯಾಂಕ್ ಬರಿದು ಮಾಡಿ, ಫಿಲ್ಟರ್ ಬದಲಿಸುವ ಹೊತ್ತಿಗೆ ಮೂರು ಗಂಟೆ, ಎರಡೂವರೆ ಸಾವಿರ. ಹುಡುಗ ಅಳುವ ಹಾಗಿದ್ದ. ಅವನ ಸಂಬಳದಿಂದ ಹಿಡಿಯಬೇಡಿ ಅಂತ ಮ್ಯಾನೇಜರಿಗೆ ಹೇಳಿ ಬಂದೆ, ಹಿಡಿದರೋ ಬಿಟ್ಟರೋ. ಅವತ್ತಿನಿಂದ ಬಂಕಿನಲ್ಲಿ ಕಾರಿನಿಂದ ಇಳಿದು ಪೈಪಿನ ಹತ್ತಿರವೇ ನಿಲ್ಲುತ್ತೇನೆ. 2019ರಲ್ಲಿ ಇಂಜೆಕ್ಟರ್ ಕೆಲಸಕ್ಕೆ 28 ಸಾವಿರ ಹೋಯಿತು. ಅದಕ್ಕೆ ಯಾರನ್ನೂ ದೂರುವಂತಿಲ್ಲ. ನಿತ್ಯ ನಾಲ್ಕು ಕಿಲೋಮೀಟರ್ ಓಡಿ, ಎಂಜಿನ್ ಪೂರ್ತಿ ಬಿಸಿಯಾಗುವ ಮುಂಚೆಯೇ ಆರಿಸುವವನ ಕಾರಿಗೆ ಮಸಿ ಕಟ್ಟದೆ ಇನ್ನೇನಾಗುತ್ತದೆ?

ನನ್ನ ಅಕ್ಕನ ಗಂಡ, ಬಾವ, ಅಡಿಕೆ ವ್ಯಾಪಾರದವರು. ನಾನು ಕೊಂಡ ವರ್ಷವೇ ಅದೇ ಕಾರು, ಅದೇ ಬಣ್ಣ ಕೊಂಡಿದ್ದರು. ವಾರಕ್ಕೆ ಎರಡು ಸಲ ಶಿರಸಿ, ಒಂದು ಸಲ ಶಿವಮೊಗ್ಗದ ಮಂಡಿ, ನಡುವೆ ಸಾಗರ, ಸೊರಬ, ಎಲ್ಲಿ ರಾಶಿ ಇದೆಯೋ ಅಲ್ಲಿ. ವರ್ಷಕ್ಕೆ 30 ಸಾವಿರ ಕಿಲೋಮೀಟರ್. ಎರಡು ವರ್ಷ ತುಂಬುವುದರೊಳಗೆ ಹೆಚ್ಚುವರಿ ದುಡ್ಡೆಲ್ಲ ವಾಪಸ್ ಬಂದು, ಆಮೇಲಿನದ್ದು ಅವರಿಗೆ ನಿಜವಾಗಿ ಲಾಭವೇ. ಎರಡು ಲಕ್ಷ ಕಿಲೋಮೀಟರ್ ಓಡಿಸಿ ಒಳ್ಳೆಯ ಬೆಲೆಗೇ ಮಾರಿದರು, ಇಂಜೆಕ್ಟರ್ ಮುಟ್ಟಲೇ ಇಲ್ಲ. ಬಾವ ಪುಸ್ತಕ ಇಟ್ಟವರಲ್ಲ. "ದಿನಾ ಓಡೋ ಗಾಡಿಗೆ ಲೆಕ್ಕ ಯಾಕೋ ಮಾರಾಯ" ಅನ್ನುತ್ತಿದ್ದರು.

ನಮ್ಮದರ ಮೀಟರ್ ಈಗ 91 ಸಾವಿರ ತೋರಿಸುತ್ತದೆ. ಕಳೆದ ದೀಪಾವಳಿ ರಜೆಯಲ್ಲಿ ಇವಳೂ ನಾನೂ ಕೂತು ಪೂರ್ತಿ ಪುಸ್ತಕ ಕೂಡಿಸಿದೆವು. ದರ ಏರಿ ಇಳಿದು ಸರಾಸರಿ ಕಿಲೋಮೀಟರಿಗೆ 1 ರೂಪಾಯಿ 80 ಪೈಸೆ ಉಳಿದಿದೆ. ಒಟ್ಟು 1 ಲಕ್ಷ 64 ಸಾವಿರ. ನನ್ನ ಮುಖ ಅರಳಿತ್ತು. ಅವಳು ಎದುರಿನ ಪುಟದಲ್ಲಿ ಬರೆಯುತ್ತಾ ಹೋದಳು. ಹೆಚ್ಚು ಕೊಟ್ಟ ಬೆಲೆ 1,20,000. ಕಾರು ಸಾಲದಲ್ಲಿ ತಂದದ್ದರಿಂದ ಆ ಹೆಚ್ಚಿನ ದುಡ್ಡಿಗೂ ಶೇ. 11ರಂತೆ ಐದು ವರ್ಷ ಕಟ್ಟಿದ ಬಡ್ಡಿ 36,500. ಪೆಟ್ರೋಲಿಗಿಂತ ಸರ್ವಿಸಿಗೆ ವರ್ಷಕ್ಕೆ ಒಂದೂವರೆ ಸಾವಿರ ಹೆಚ್ಚು, ಹದಿಮೂರು ವರ್ಷಕ್ಕೆ 19,500. ಇಂಜೆಕ್ಟರ್ 28,000. ಬಂಕಿನ ಅವಾಂತರ ಬಿಟ್ಟು, ವಿಮೆಯ ವ್ಯತ್ಯಾಸ ಬಿಟ್ಟು 2,04,000. ಕೊನೆಗೆ ಕೆಂಪು ಪೆನ್ನಿನಲ್ಲಿ 'ನಷ್ಟ 40,000' ಅಂತ ಬರೆದು ಅಡಿಗೆರೆ ಎಳೆದಳು. ಘಾಟಿಯ ಸುಖಕ್ಕೆ ಏನೂ ಹಾಕಲಿಲ್ಲವಲ್ಲ ಅಂದೆ. "ಅದನ್ನ ಮನರಂಜನೆ ಖಾತೆಗೆ ಹಾಕಿ" ಅಂದಳು.

ಇದೆಲ್ಲ ಈಗ ಬರೆಯಲು ಕಾರಣ ಇದೆ. ಬಾವನ ಮಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕಂಪನಿಯಲ್ಲಿದ್ದಾನೆ. ಹೋದ ವಾರ ಫೋನ್ ಮಾಡಿ, "ಮಾವ, ಡೀಸೆಲ್ ಎಸ್‌ಯುವಿ ನೋಡ್ತಾ ಇದೀನಿ, ಅಪ್ಪಂಗೆ ಲಾಭ ಆಗಿತ್ತಲ್ಲ" ಅಂದ.

ಅವರಪ್ಪನ ಕಾಲದ ಡೀಸೆಲ್ಲೇ ಈಗಿಲ್ಲ ಅಂದೆ. 2020ರ ಏಪ್ರಿಲಿನಲ್ಲಿ ಬಿಎಸ್-6 ನಿಯಮ ಬಂದಾಗ ಡೀಸೆಲ್ಲಿನ ಹೊಗೆ ತೊಳೆಯುವ ಖರ್ಚೇ ಇಷ್ಟು ಎಂದು ಲೆಕ್ಕ ಹಾಕಿ ಮಾರುತಿಯವರು ಡೀಸೆಲ್ ಕಾರು ಮಾಡುವುದನ್ನೇ ಬಿಟ್ಟರು. ಸಣ್ಣ ಕಾರುಗಳಲ್ಲಿ ಅದು ಬಹುತೇಕ ಮರೆಯಾಗಿದೆ. ಉಳಿದದ್ದು ದೊಡ್ಡ ಗಾಡಿಗಳಲ್ಲಿ, ಅಂತರ ಒಂದೂವರೆ ಲಕ್ಷದ ಆಸುಪಾಸು. ಇವುಗಳ ಹೊಗೆ ಕೊಳವೆಯಲ್ಲಿ ಮಸಿ ಹಿಡಿಯುವ ಡಿಪಿಎಫ್ ಎಂಬ ಜರಡಿ ಇರುತ್ತದೆ. ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಸ್ವಲ್ಪ ಹೊತ್ತು ಓಡಿದರೆ ಅದು ಕಾದು, ಮಸಿಯನ್ನು ತಾನೇ ಸುಟ್ಟುಕೊಳ್ಳುತ್ತದೆ. ಸಿಲ್ಕ್ ಬೋರ್ಡಿನ ಟ್ರಾಫಿಕ್ಕಿನಲ್ಲಿ ನಿಂತು ನಿಂತು ಹೋಗುವವನ ಗಾಡಿಯಲ್ಲಿ ಕಟ್ಟಿಕೊಂಡು, ಡ್ಯಾಶ್‌ಬೋರ್ಡಿನಲ್ಲಿ ದೀಪ ಹತ್ತುತ್ತದೆ. ಆಗ ಹೆದ್ದಾರಿಗೆ ಒಯ್ಯಬೇಕು, ಇಲ್ಲವೇ ವರ್ಕ್‌ಷಾಪಿಗೆ.

ಷೋರೂಮಿನವರು ಹೇಳದ ಇನ್ನೊಂದು ಮಾತು ಆಜೀವ ತೆರಿಗೆಯದು. ನಮ್ಮ ರಾಜ್ಯದಲ್ಲಿ 5ರಿಂದ 10 ಲಕ್ಷದ ಒಳಗಿನ ಕಾರಿಗೆ ಶೇ. 14, ಅದು ದಾಟಿದರೆ 20 ಲಕ್ಷದವರೆಗೆ ಶೇ. 17, ಅದೂ ಪೂರ್ತಿ ಬೆಲೆಯ ಮೇಲೆ. ಪೆಟ್ರೋಲ್ ಗಾಡಿ 9 ಲಕ್ಷ 20 ಸಾವಿರ, ಡೀಸೆಲ್ 10 ಲಕ್ಷ 60 ಸಾವಿರ ಎಂದಿಟ್ಟುಕೊಳ್ಳಿ. ತೆರಿಗೆಯಲ್ಲೇ 51 ಸಾವಿರ ಹೆಚ್ಚು ಹೋಯಿತು, ಸೆಸ್ ಬೇರೆ. ಗಾಡಿ ಒಂದು ಗಜ ಓಡುವ ಮುಂಚಿನ ಮಾತಿದು.

ಇನ್ನು ಎಣ್ಣೆಯ ದರ. 2024ರ ಜೂನಿನಲ್ಲಿ ಒಮ್ಮೆ, 2025ರ ಏಪ್ರಿಲ್ 1ಕ್ಕೆ ಇನ್ನೊಮ್ಮೆ ರಾಜ್ಯ ಸರ್ಕಾರ ಡೀಸೆಲ್ಲಿನ ಮಾರಾಟ ತೆರಿಗೆ ಏರಿಸಿ ಅದೀಗ ಶೇ. 21.17. ಎರಡನೇ ಏರಿಕೆಯಾದ ಮೇಲೆ ಬೆಂಗಳೂರಿನಲ್ಲಿ ಪೆಟ್ರೋಲ್ 103ರ ಹತ್ತಿರ, ಡೀಸೆಲ್ 91. ನಮ್ಮ 15, 19ರ ಮೈಲೇಜಿಗೆ ಕಿಲೋಮೀಟರಿಗೆ 2 ರೂಪಾಯಿ ಚಿಲ್ಲರೆ ಉಳಿಯುತ್ತದೆ. ಪೆಟ್ರೋಲಿಗೆ ಶೇ. 20 ಎಥೆನಾಲ್ ಬೆರೆಸುತ್ತಿರುವುದರಿಂದ ಅದರ ಮೈಲೇಜ್ ತುಸು ಇಳಿಯುತ್ತದೆ, ಡೀಸೆಲ್ಲಿನ ತಕ್ಕಡಿಗೆ ಅಷ್ಟು ತೂಕ ಬಂತು ಅನ್ನೋಣ. ಆದರೂ ಒಂದೂವರೆ ಲಕ್ಷ ಹುಟ್ಟಲು 70 ಸಾವಿರ ಕಿಲೋಮೀಟರ್ ಓಡಲೇಬೇಕು, ತೆರಿಗೆ, ಬಡ್ಡಿ ಲೆಕ್ಕಕ್ಕೆ ಹಿಡಿಯದೆ.

ಇಷ್ಟೆಲ್ಲ ಹೇಳಿ, ಈಗಿರುವ ಕಾರಿನ ಮೀಟರಿನ ಫೋಟೋ ಕಳಿಸು ಅಂದೆ. ಕಳಿಸಿದ. ನಾಲ್ಕು ವರ್ಷಕ್ಕೆ 23 ಸಾವಿರ. ವಾರಕ್ಕೆ ಮೂರು ದಿನ ಮನೆಯಿಂದಲೇ ಕೆಲಸ, ಉಳಿದ ದಿನ ಮೆಟ್ರೊ. ನಿಂದು ನನ್ನ ಜಾತಿ ಕಣೋ, ನಿಮ್ಮಪ್ಪನದ್ದಲ್ಲ ಅಂದೆ.

ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಹುರುಪಿನಿಂದ, "ಇಲ್ಲ ಮಾವ, ಡೀಸೆಲ್ ತಗೊಂಡ್ರೆ ಓಡಾಟ ಜಾಸ್ತಿ ಮಾಡ್ತೀನಿ. ತಿಂಗಳಿಗೆ ಎರಡು ಸಲ ಊರಿಗೆ ಬರಬಹುದಲ್ಲ" ಅಂದ.

ತಡಿ ಒಂದ್ನಿಮಿಷ ಅಂತ ಹೇಳಿ, ಅಡುಗೆಮನೆಗೆ ಹೋಗಿ ಫೋನನ್ನು ಅವನ ಅತ್ತೆಯ ಕೈಗೆ ಕೊಟ್ಟೆ.