ರೇಸಿಂಗ್ ಡ್ರೋನ್: ಮೊದಲು ರಿಮೋಟ್ ಕೊಳ್ಳಿ, ಡ್ರೋನ್ ಆಮೇಲೆ

ಮದುವೆ ಮನೆಯಲ್ಲಿ ವಿಡಿಯೊ ತೆಗೆಯುವ ಡ್ರೋನ್ ಜಿಪಿಎಸ್ ನೆರವಿನಿಂದ ಗಾಳಿಯಲ್ಲಿ ತಾನೇ ನಿಲ್ಲುತ್ತದೆ. ಸ್ಟಿಕ್ ಬಿಟ್ಟರೂ ಕದಲುವುದಿಲ್ಲ. ರೇಸಿಂಗ್ ಡ್ರೋನ್‌ಗೆ ಆ ಗುಣವಿಲ್ಲ. ಅದು ಹಾರುವುದು ‘ಆಕ್ರೊ’ ಮೋಡ್‌ನಲ್ಲಿ. ಮುಂದಕ್ಕೆ ಬಾಗಿಸಿ ಕೈಬಿಟ್ಟರೆ ಬಾಗಿಕೊಂಡೇ ಓಡುತ್ತಿರುತ್ತದೆ. ಹಿಂದಕ್ಕೆಳೆದು ನೀವೇ ಸಮ ಮಾಡಬೇಕು. ಮೋಟಾರ್‌ಗಳ ವೇಗ ಏರಿಸಿ ಇಳಿಸುವ ಥ್ರಾಟಲನ್ನು ಪೂರ್ತಿ ಇಳಿಸಿದರೆ ಕಲ್ಲಿನಂತೆ ಬೀಳುತ್ತದೆ. ಪೈಲಟ್ ನೋಡುವುದು ಡ್ರೋನನ್ನಲ್ಲ, ಕಣ್ಣಿಗೆ ಕಟ್ಟಿಕೊಂಡ ಗಾಗಲ್ಸ್‌ನಲ್ಲಿ ಅದರ ಕ್ಯಾಮೆರಾ ಕಳಿಸುವ ಚಿತ್ರವನ್ನು.

ಹೀಗಾಗಿ ಮೊದಲ ಖರೀದಿ ರಿಮೋಟ್ ಆಗಲಿ. ‘ಎಕ್ಸ್‌ಪ್ರೆಸ್‌ಎಲ್‌ಆರ್‌ಎಸ್’ ಎಂಬ ಸಂಪರ್ಕ ವ್ಯವಸ್ಥೆ ಇರುವ ರಿಮೋಟ್ ಕೊಂಡರೆ, ಮುಂದೆ ಅದೇ ವ್ಯವಸ್ಥೆಯ ಬೇರೆ ಡ್ರೋನ್‌ಗೆ ಹೋದರೂ ಅದನ್ನು ಬದಲಿಸಬೇಕಾಗಿಲ್ಲ. ಯುಎಸ್‌ಬಿ ಕೇಬಲ್‌ನಿಂದ ಅದನ್ನು ಕಂಪ್ಯೂಟರ್‌ಗೆ ಜೋಡಿಸಿ, ವೆಲೊಸಿಡ್ರೋನ್ ಅಥವಾ ಲಿಫ್ಟ್‌ಆಫ್‌ನಂಥ ಸಿಮ್ಯುಲೇಟರ್ ಹಾಕಿಕೊಳ್ಳಿ. ಅಲ್ಲಿ ಎಷ್ಟು ಸಲ ಬಿದ್ದರೂ ಒಂದು ಪ್ರೊಪೆಲ್ಲರ್ ಕೂಡ ಮುರಿಯುವುದಿಲ್ಲ. ಕೀಬೋರ್ಡ್‌ನಲ್ಲಿ ಕಲಿತದ್ದು ಮಾತ್ರ ಮೈದಾನದಲ್ಲಿ ಕೆಲಸಕ್ಕೆ ಬರುವುದಿಲ್ಲ.

‘ಮೋಡ್ 2’ ಜೋಡಣೆಯಲ್ಲಿ ಎಡ ಸ್ಟಿಕ್ ಥ್ರಾಟಲನ್ನೂ ಎಡ-ಬಲ ತಿರುಗುವುದನ್ನೂ ನೋಡಿಕೊಳ್ಳುತ್ತದೆ. ಬಲ ಸ್ಟಿಕ್ ಮುಂದೆ-ಹಿಂದೆ ಬಾಗುವುದನ್ನು, ಪಕ್ಕಕ್ಕೆ ವಾಲುವುದನ್ನು. ಡ್ರೋನ್ ತಾನೇ ಸಮವಾಗುವ ‘ಆ್ಯಂಗಲ್’ ಮೋಡ್ ಹಿತವೆನಿಸಿದರೂ ಅದಕ್ಕೆ ಅಂಟಿಕೊಳ್ಳಬೇಡಿ. ಆ ರೂಢಿ ಬಿಡಿಸಿಕೊಳ್ಳುವುದು ಕಷ್ಟ. ಮೊದಲ ದಿನದಿಂದಲೇ ಆಕ್ರೊ ಹಿಡಿಯಿರಿ ಎಂಬುದು ನನ್ನ ಖಚಿತ ಸಲಹೆ. ಕ್ಯಾಮೆರಾದ ಓರೆಯನ್ನು 15–20 ಡಿಗ್ರಿಗೆ ಇಡಿ; ಓರೆ ಹೆಚ್ಚಿದಷ್ಟೂ ಡ್ರೋನ್ ವೇಗವಾಗಿಯೇ ಹಾರಬೇಕಾಗುತ್ತದೆ. ನೆಲದಿಂದ ಒಂದೇ ಎತ್ತರದಲ್ಲಿ ನೇರ ಹೋಗುವುದು ಮೊದಲ ಪಾಠ. ಆಮೇಲೆ ತಿರುವು. ಬರೀ ಎಡ ಸ್ಟಿಕ್‌ನಿಂದ ತಿರುಗಿಸಿದರೆ ಮೂತಿ ತಿರುಗುತ್ತದೆಯೇ ಹೊರತು ಡ್ರೋನ್ ಹಳೆಯ ದಿಕ್ಕಿಗೇ ಜಾರುತ್ತದೆ. ಎರಡೂ ಸ್ಟಿಕ್ ಕೂಡಿಸಿ, ವಾಲಿಸುತ್ತಲೇ ತಿರುಗಿಸಿ, ತುಸು ಥ್ರಾಟಲ್ ಏರಿಸಬೇಕು. ಇದು ಕೈಗೆ ಬರುವವರೆಗೆ ಎರಡು ಕಂಬಗಳ ಸುತ್ತ 8ರ ಆಕಾರದಲ್ಲಿ ಹಾರಿಸಿ. ರೇಸ್‌ನ ಗೇಟ್‌ಗಳೊಳಗೆ ನುಗ್ಗಿಸುವುದು ಆಮೇಲಿನ ಮಾತು.

ಸಿಮ್ಯುಲೇಟರ್‌ನಲ್ಲಿ ಬೀಳದೆ ಸುತ್ತು ಮುಗಿಸುವಷ್ಟು ಹಿಡಿತ ಬಂದ ಮೇಲೆ ‘ಟೈನಿ ವೂಪ್’ ಕೊಳ್ಳಿ. ಅಂಗೈಯಗಲದ, 65 ಅಥವಾ 75 ಮಿಲಿಮೀಟರ್ ಅಳತೆಯ ಈ ಪುಟ್ಟ ಡ್ರೋನ್‌ನ ಪ್ರೊಪೆಲ್ಲರ್ ಸುತ್ತ ಪ್ಲಾಸ್ಟಿಕ್ ಬಳೆ ಇರುತ್ತದೆ. ಗೋಡೆಗೆ ತಾಗಿದರೂ ಗೋಡೆಗಾಗಲಿ ಅದಕ್ಕಾಗಲಿ ಹೆಚ್ಚು ಪೆಟ್ಟಿಲ್ಲ. ಹಾಲ್‌ನ ಕುರ್ಚಿ ಕಾಲುಗಳೇ ಗೇಟ್. ಗಾಗಲ್ಸ್ ಹಾಕಿದಾಗ ತಲೆ ತಿರುಗಿದರೆ ಕುಳಿತೇ ಹಾರಿಸಿ.

ಗಂಟೆಗೆ 100 ಕಿ.ಮೀ. ದಾಟುವ 5 ಇಂಚಿನ ಪ್ರೊಪೆಲ್ಲರ್‌ಗಳ ರೇಸಿಂಗ್ ಡ್ರೋನ್ ಬಂದಾಗ ಎಚ್ಚರ ಹೆಚ್ಚಬೇಕು. ಅದರ ಪ್ರೊಪೆಲ್ಲರ್ ಬೆರಳು ಸೀಳಬಲ್ಲದು. ಮೇಜಿನ ಮೇಲೆ ಪರೀಕ್ಷಿಸುವಾಗ ಪ್ರೊಪೆಲ್ಲರ್ ಬಿಚ್ಚಿಡಿ. ಅದೇ ಸ್ಥಿತಿಯಲ್ಲಿ ಮೋಟಾರ್ ಓಡುತ್ತಿರುವಾಗ ರಿಮೋಟ್ ಆಫ್ ಮಾಡಿ ನೋಡಿ; ಮೋಟಾರ್ ನಿಲ್ಲದಿದ್ದರೆ ಅದು ಸರಿಯಾಗುವ ತನಕ ಹಾರಿಸಬೇಡಿ. ಲಿಥಿಯಂ ಪಾಲಿಮರ್ ಬ್ಯಾಟರಿಯ ಪ್ರತಿ ಸೆಲ್ 4.2 ವೋಲ್ಟ್‌ಗೆ ತುಂಬುತ್ತದೆ, ಹಾರುತ್ತಾ 3.5ಕ್ಕೆ ಬಂದರೆ ಇಳಿಸಿ, ಎತ್ತಿಡುವಾಗ 3.8ರ ಆಸುಪಾಸಿನಲ್ಲಿರಲಿ. ಚಾರ್ಜ್‌ಗೆ ಹಾಕಿ ಮಲಗಬೇಡಿ. ಉಬ್ಬಿದ ಬ್ಯಾಟರಿಯನ್ನು ಮತ್ತೆ ಬಳಸಲೇಬಾರದು, ಬೆಂಕಿ ಹತ್ತಿಕೊಳ್ಳಬಹುದು.

ಸಿದ್ಧ ಡ್ರೋನ್‌ಗಳ ಆಮದನ್ನು ಕೇಂದ್ರ ಸರ್ಕಾರ 2022ರ ಫೆಬ್ರುವರಿಯಲ್ಲಿ ನಿಷೇಧಿಸಿತು, ಬಿಡಿಭಾಗಗಳಿಗೆ ಅಡ್ಡಿಯಿಲ್ಲ. ಬೆಸುಗೆ ಕಲಿತು ಸ್ವತಃ ಕಟ್ಟಿಕೊಂಡರೆ ರಿಪೇರಿಯೂ ನಿಮ್ಮ ಕೈಯಲ್ಲೇ ಇರುತ್ತದೆ. 2021ರ ಡ್ರೋನ್ ನಿಯಮಗಳ ಪ್ರಕಾರ 250 ಗ್ರಾಂವರೆಗಿನ ನ್ಯಾನೊ ಡ್ರೋನ್‌ಗೂ, ವ್ಯಾಪಾರಕ್ಕಲ್ಲದೆ ಹಾರಿಸುವ 2 ಕೆ.ಜಿ.ವರೆಗಿನ ಮೈಕ್ರೊ ಡ್ರೋನ್‌ಗೂ ಪೈಲಟ್ ಪರವಾನಗಿ ಬೇಡ. ಪರವಾನಗಿ ಬೇಡವೆಂದರೆ ನೋಂದಣಿಯೂ ಬೇಡವೆಂದಲ್ಲ. ಹೊರಗೆ ಹಾರಿಸುವ ಮುನ್ನ ಸರ್ಕಾರದ ಡಿಜಿಟಲ್ ಸ್ಕೈ ತಾಣದ ವಾಯುಪ್ರದೇಶ ನಕ್ಷೆ ನೋಡಿ. ಅನುಮತಿ ಬೇಡದ ಹಸಿರು ವಲಯದಲ್ಲೂ 400 ಅಡಿ ಮೀರಬೇಡಿ. ಎಚ್‌ಎಎಲ್, ಯಲಹಂಕ, ಜಕ್ಕೂರು, ದೇವನಹಳ್ಳಿಗಳಲ್ಲಿ ವಿಮಾನ ನೆಲೆಗಳಿರುವ ಬೆಂಗಳೂರಿನವರಂತೂ ನಕ್ಷೆ ನೋಡುವುದನ್ನು ಮರೆಯುವಂತಿಲ್ಲ. ಗಾಗಲ್ಸ್ ಹಾಕಿದವರಿಗೆ ಸುತ್ತಮುತ್ತ ಕಾಣುವುದಿಲ್ಲ, ಆಕಾಶವನ್ನೂ ಬರುವ ಜನರನ್ನೂ ನೋಡುವ ಗೆಳೆಯರೊಬ್ಬರು ಪಕ್ಕದಲ್ಲಿರಲಿ.

ಇತರರೊಂದಿಗೆ ಹಾರಿಸುವ ದಿನ ವಿಡಿಯೊ ಚಾನೆಲ್‌ಗಳನ್ನು ಮೊದಲೇ ಹಂಚಿಕೊಳ್ಳಬೇಕು. ಒಬ್ಬರು ಹಾರಿಸುತ್ತಿರುವ ಚಾನೆಲ್‌ನಲ್ಲೇ ನೀವು ಡ್ರೋನ್‌ಗೆ ಬ್ಯಾಟರಿ ಜೋಡಿಸಿದರೆ ಅವರ ಚಿತ್ರ ಹಾಳಾಗಿ ಅವರ ಡ್ರೋನ್ ನೆಲಕ್ಕಪ್ಪಳಿಸಬಹುದು. ಬ್ಯಾಟರಿ ಜೋಡಿಸುವ ಮುನ್ನ ಪ್ರತಿ ಸಲವೂ ಗಟ್ಟಿಯಾಗಿ ಕೇಳಿ, ಒಪ್ಪಿಗೆ ಬಂದ ಮೇಲೆಯೇ ಜೋಡಿಸಿ.