ಸೊಳ್ಳೆಯ ಹೊಟ್ಟೆಯಲ್ಲಿ ಏನಿದೆ?

ಸೊಳ್ಳೆ ಕಚ್ಚಿದರೆ ಮಲೇರಿಯ ಬರುತ್ತದೆ ಅಂತ ಪಾಠದಲ್ಲಿ ಓದಿದ್ದೇವೆ. ಆದರೆ ಯಾವ ಸೊಳ್ಳೆ? ಕೊಟ್ಟಿಗೆಯಲ್ಲಿ ಗುಂಯ್ ಅನ್ನುವುದೆಲ್ಲಾ ಮಲೇರಿಯ ತರುವುದಿಲ್ಲ. ತಿಳಿಯಬೇಕಾದರೆ ಅದರ ಹೊಟ್ಟೆ ಬಿಡಿಸಿಯೇ ನೋಡಬೇಕು.

ಹಾಗೆ ನೋಡಿದವರು ರೊನಾಲ್ಡ್ ರಾಸ್. 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ, ಮಲೇರಿಯ ರೋಗಿಯ ರಕ್ತ ಕುಡಿದಿದ್ದ ಅನಾಫಿಲಿಸ್ ಸೊಳ್ಳೆಯ ಹೊಟ್ಟೆಯ ಗೋಡೆಯಲ್ಲಿ ಅವರಿಗೆ ಮಲೇರಿಯ ಜೀವಿಯ ಗಂಟುಗಳು ಕಂಡವು. ಈ ಜೀವಿಗೆ ಪ್ಲಾಸ್ಮೋಡಿಯಂ ಅಂತ ಹೆಸರು, ಮೈಯೆಲ್ಲಾ ಒಂದೇ ಜೀವಕೋಶ. ಬೇರೆ ಜಾತಿ ಸೊಳ್ಳೆಯಲ್ಲಿ ಇನ್ನೊಂದು ಏಕಕೋಶ ಜೀವಿಯನ್ನೂ ರಾಸ್ ಕಂಡಿದ್ದರು. ಈಗ ಅದನ್ನು ಆಸ್ಕೊಗ್ರೆಗರೈನ ಅನ್ನುತ್ತಾರೆ. ಅದು ಸೊಳ್ಳೆಮರಿಯ ಕರುಳಲ್ಲಿ ಬೆಳೆಯುತ್ತದೆ, ಮನುಷ್ಯರಿಗೆ ರೋಗ ತರುವುದಿಲ್ಲ. ಆದ್ದರಿಂದ ಏನೋ ಕಂಡಿತು ಅಂದರೆ ಸಾಲದು, ಯಾವುದು ಅಂತ ಗುರುತಿಸಬೇಕು.

ಸಮೀಕ್ಷೆಯವರು ಬೆಳಿಗ್ಗೆ ಟಾರ್ಚು ಹಿಡಿದು ಮನೆ, ಕೊಟ್ಟಿಗೆಗಳ ಗೋಡೆ ಹುಡುಕುತ್ತಾರೆ. ಹಿಂಭಾಗ ಮೇಲೆತ್ತಿ ಕೂತಿದ್ದರೆ ಅದು ಅನಾಫಿಲಿಸ್. ಗಾಜಿನ ನಳಿಕೆಯಿಂದ ಹೀರಿ ಹಿಡಿಯುತ್ತಾರೆ. ಆಮೇಲೆ ಹೆಣ್ಣು ಸೊಳ್ಳೆಯನ್ನು ಒಂದು ಹನಿ ಉಪ್ಪುನೀರಿನಲ್ಲಿಟ್ಟು ಸೂಜಿಯಿಂದ ಬಿಡಿಸುತ್ತಾರೆ. ಹೊಟ್ಟೆಯಲ್ಲಿ ಗಂಟಿದ್ದರೆ ಸೊಳ್ಳೆಗೆ ಸೋಂಕು ತಗುಲಿದೆ ಅಂತ. ಜೊಲ್ಲಿನ ಗ್ರಂಥಿಯಲ್ಲಿ ದಾರದಂಥ ಮರಿಗಳಿದ್ದರೆ ಅದು ಕಚ್ಚಿದಾಗ ನಮಗೆ ದಾಟುತ್ತದೆ. ಇದು ತಾಳ್ಮೆಯ ಕೆಲಸ. ನೂರು ಸೊಳ್ಳೆ ಬಿಡಿಸಿದರೂ ಒಂದರಲ್ಲೂ ಸಿಗದೆ ಇರಬಹುದು.

ಇಷ್ಟೆಲ್ಲಾ ಯಾಕೆ, ಮನೆಗೆಲ್ಲಾ ಔಷಧಿ ಹೊಡೆದರಾಯಿತಲ್ಲ ಅಂತೀರಾ? ನಮ್ಮದು ರೇಷ್ಮೆ ಸೀಮೆ. ಸೊಳ್ಳೆ ಸಾಯಿಸುವ ಔಷಧಿ ರೇಷ್ಮೆಹುಳುವನ್ನೂ ಸಾಯಿಸುತ್ತದೆ. ಹುಳು ಮೇಯಿಸುವ ಮನೆಯವರು ಔಷಧಿ ಹೊಡೆಯಲು ಒಳಗೆ ಬಿಡುವುದಿಲ್ಲ. ಅದು ಹಟ ಅಲ್ಲ, ಒಂದು ಬೆಳೆ ಹೋದರೆ ಸಾಲ ತೀರಿಸುವವರು ಯಾರು?

ನಮ್ಮಂತೆಯೇ ರೇಷ್ಮೆ ಬೆಳೆಯುವ ಕೋಲಾರ ಜಿಲ್ಲೆಯಲ್ಲಿ ಬೇರೆ ದಾರಿ ಸಿಕ್ಕಿತು. ಅಲ್ಲಿ ಮಲೇರಿಯ ಹರಡುವುದು ಅನಾಫಿಲಿಸ್ ಕ್ಯುಲಿಸಿಫೇಸಿಸ್. ಇದರಲ್ಲೇ 'ಎ', 'ಬಿ' ಅಂತ ಒಳಜಾತಿಗಳಿವೆ. ಕಣ್ಣಿಗೆ ಎರಡೂ ಒಂದೇ, ವರ್ಣತಂತು ನೋಡಿ ಬೇರ್ಪಡಿಸಬಹುದು. 'ಎ' ಮಲೇರಿಯ ಹರಡುತ್ತದೆ, 'ಬಿ' ಹರಡುವುದು ಬಹಳ ಕಡಿಮೆ. ಕಾಮಸಮುದ್ರ ಭಾಗದ ಹಳ್ಳಿಗಳಲ್ಲಿ ನೋಡಿದಾಗ 'ಎ' ಹೆಚ್ಚಾಗಿ ಬಾವಿಯಲ್ಲೇ ಮರಿ ಮಾಡುತ್ತಿತ್ತು. ಬಾವಿಗಳಿಗೆ ಗಪ್ಪಿ ಮೀನು ಬಿಟ್ಟರು. ಮೀನು ಸೊಳ್ಳೆಮರಿ ತಿಂದವು, ಮಲೇರಿಯ ಇಳಿಯಿತು, ರೇಷ್ಮೆಹುಳುವೂ ಉಳಿಯಿತು. ಈ ವರದಿ 2005ರಲ್ಲಿ ಪ್ರಕಟವಾಯಿತು.

ಒಂದು ಮಾತು. ಗಪ್ಪಿ ಪರದೇಶದ ಮೀನು. ಬಾವಿ, ತೊಟ್ಟಿಗೆ ಸರಿ, ಕೆರೆಗೆ ಬಿಡಬಾರದು, ಅಲ್ಲಿ ನಮ್ಮ ಮೀನುಗಳ ಅನ್ನಕ್ಕೇ ಬಾಯಿ ಹಾಕುತ್ತದೆ. ಬಾವಿಗೆ ಬ್ಲೀಚಿಂಗ್ ಪುಡಿ ಜಾಸ್ತಿಯಾದರೆ ಮೀನು ಸಾಯುತ್ತವೆ, ಆಗ ಮತ್ತೆ ಬಿಡಬೇಕು.